ಮಗ್ಗದ ಲಯ, ಯಂತ್ರದ ನಾದ: ಎಲೆಕ್ಟ್ರಾನಿಕ್ ನೃತ್ಯಸಂಗೀತವನ್ನು ಆಲಿಸುವ ಬಗೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ, ಬಹುಪಾಲು ಪದಗಳೇ ಇಲ್ಲದ ಒಂದು ಸಂಗೀತಪ್ರಕಾರದ ವಿಮರ್ಶೆಗೆ ಎಡೆಯೇನೆಂದು ಸಹೃದಯ ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಕೊಂಗುನಾಡಿನ ಕನ್ನಡಿಗರಾದ ನಮ್ಮ ಸ್ಥಿತಿಯನ್ನು ನೆನೆದರೆ ಉತ್ತರ ತಾನಾಗಿ ಹೊಳೆಯುತ್ತದೆ. ಪೊಳ್ಳಾಚಿ, ಉಡುಮಲಪೇಟೆ, ನೆಗಮಂ, ಕೊಯಮತ್ತೂರು, ತಿರುಪ್ಪೂರುಗಳ ದೇವಾಂಗರ ಮತ್ತು ಒಕ್ಕಲಿಗರ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದಿದೆ. ಲಿಪಿಯಾಗಿ ಬಂದದ್ದು ಕಡಿಮೆ. ನಮ್ಮ ಮೊಮ್ಮಕ್ಕಳು ಅಡುಗೆಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಕಾಲೇಜಿನಲ್ಲಿ ಇಂಗ್ಲಿಷನ್ನೂ ಆಡುತ್ತಾರೆ. ಈ ಮೂರರಲ್ಲಿ ಯಾವೊಂದನ್ನೂ ಬೇಡದ ಸಂಗೀತವೊಂದು ಅವರ ಕಿವಿಯನ್ನು ಹಿಡಿದಿದೆ. ಅದು ಏನೆಂದು ತಿಳಿಯದೆ ಆ ಮಕ್ಕಳೊಡನೆ ಭಾಷೆಯ ಮಾತನ್ನಾಡುವುದು ಹೇಗೆ?

ಇನ್ನೊಂದು ಕಾರಣವೂ ಉಂಟು. 2019ರ ಮೇ ತಿಂಗಳಲ್ಲಿ ಆನೆಮಲೆ ಸಮೀಪದ ತೋಟದ ವಸತಿಗೃಹವೊಂದರಲ್ಲಿ ನಡೆದ ರಾತ್ರಿಕೂಟದ ಮೇಲೆ ಪೊಲೀಸರು ದಾಳಿಯಿಟ್ಟು ನೂರಕ್ಕೂ ಮಿಕ್ಕಿದ ತರುಣರನ್ನು ಬಂಧಿಸಿದ ಸುದ್ದಿ ನಮ್ಮ ಸೀಮೆಯವರಿಗೆಲ್ಲ ನೆನಪಿದೆ. ಅಂದಿನಿಂದ ನಮ್ಮ ಎಷ್ಟೋ ಮನೆಗಳಲ್ಲಿ ಈ ಸಂಗೀತದ ಹೆಸರೇ ಮಾದಕದ್ರವ್ಯದ ಹೆಸರಾಗಿಬಿಟ್ಟಿದೆ. ಮಗ ಕೋಣೆಯಲ್ಲಿ ಕುಳಿತು ಇದನ್ನು ಕೇಳುತ್ತಿದ್ದರೆ ತಾಯಿಯ ಎದೆ ನಡುಗುತ್ತದೆ. ಅಪರಾಧವನ್ನು ದಂಡಿಸಲು ಕಾನೂನು ಇದೆ. ಅದು ತನ್ನ ಕೆಲಸ ಮಾಡಲಿ. ಆದರೆ ಕಲೆಯ ಗುಣದೋಷಗಳನ್ನು ಅಳೆಯಬೇಕಾದುದು ಕಿವಿ. ಸುದ್ದಿಯನ್ನು ಓದಿ ಸಂಗೀತಕ್ಕೆ ತೀರ್ಪು ಕೊಡುವುದು, ನಾಟಕದ ಮಂದಿರದ ಹೊರಗೆ ಜಗಳವಾಯಿತೆಂದು ನಾಟಕವನ್ನೇ ಕೆಟ್ಟದೆನ್ನುವಂತೆ. ಆದುದರಿಂದ ಹೊಸಬರಾದ ಹಿರಿಯರಿಗೆ ಈ ಸಂಗೀತವನ್ನು ಪಾಠಕ್ರಮದಲ್ಲಿ ಪರಿಚಯಿಸಿ, ಬಳಿಕ ಅದರ ಗುಣದೋಷಗಳನ್ನು ತೂಗುವುದು ಈ ಬರಹದ ಉದ್ದೇಶ.

ಹೊಸ ವಾದ್ಯ, ಹಳೆಯ ಮನೆ

ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸಿತು. ತಂತಿ, ಗಾಳಿ, ಚರ್ಮ, ಲೋಹ ಎಂಬ ಈ ನಾಲ್ಕರಲ್ಲಿ ಯಾವುದೋ ಒಂದು ಭೌತಿಕವಾಗಿ ಕಂಪಿಸಿದರೆ ನಾದ. ವಿದ್ಯುತ್ ವಾದ್ಯದಲ್ಲಿ ಮೊದಲು ಕಂಪಿಸುವುದು ವಿದ್ಯುತ್ ಪ್ರವಾಹ. ಧ್ವನಿವರ್ಧಕದ ಪೊರೆ ಆ ಕಂಪನವನ್ನು ಕೊನೆಗೆ ಗಾಳಿಗೆ ಒಪ್ಪಿಸುತ್ತದೆ. ಪಾಶ್ಚಾತ್ಯ ಸಂಗೀತಶಾಸ್ತ್ರಜ್ಞರೂ 1914ರಲ್ಲಿ ವಾದ್ಯಗಳನ್ನು ನಾಲ್ಕಾಗಿಯೇ ಹಂಚಿ, ವಿದ್ಯುತ್ ವಾದ್ಯಗಳಿಗೆಂದು ಐದನೆಯ ವರ್ಗವನ್ನು ಆಮೇಲೆ ಸೇರಿಸಿಕೊಂಡರು. ಅಂದರೆ ಹೊಸದೊಂದು ಬಂದಾಗ ಶಾಸ್ತ್ರವು ಬಾಗಿಲು ಮುಚ್ಚಲಿಲ್ಲ; ಒಂದು ಕೋಣೆಯನ್ನು ಕಟ್ಟಿಕೊಂಡಿತು.

ನಾವೂ ಕಟ್ಟಿಕೊಂಡಿದ್ದೇವೆ, ಗಮನಿಸಿಲ್ಲ ಅಷ್ಟೆ. ಬೆಂಗಳೂರಿನ ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮತ್ತು ತಂಬೂರಿಗಳ ಕೆಲಸಕ್ಕೆ ತೊಡಗಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆ ಇಂದು ಸಂಗೀತ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ದೇವರಪಟದ ಪಕ್ಕದಲ್ಲೇ ಇರುತ್ತದೆ. ಮರದ ತಂಬೂರಿಯಿಲ್ಲದೆ, ಗುಂಡಿಯೊಂದನ್ನು ಒತ್ತಿ, ಅದರ ನಾದದ ಮೇಲೆ ಸರಳೆವರಸೆ ಹಾಡುವ ಬಾಲಕಿಯನ್ನು ನಾವು ಯಾರೂ ಗದರಿಸುವುದಿಲ್ಲ. ಅಂತೆಯೇ ನಮ್ಮ ಅನೇಕ ದೇವಾಲಯಗಳಲ್ಲಿ ಮಂಗಳಾರತಿಯ ಹೊತ್ತಿಗೆ ನಗಾರಿ, ಗಂಟೆ, ತಾಳಗಳನ್ನು ಬಾರಿಸುತ್ತಿರುವುದು ಮೋಟಾರಿನ ಯಂತ್ರ. ಬಡಿಯುವ ಆಳಿಲ್ಲ, ಬಡಿತ ಒಂದಿಷ್ಟೂ ಹೆಚ್ಚುಕಡಿಮೆಯಾಗದು. ಆ ಲಯಕ್ಕೆ ನಾವು ಕೈಮುಗಿದು ನಿಲ್ಲುತ್ತೇವೆ. ಯಂತ್ರ ಬಾರಿಸಿದ್ದು ಸಂಗೀತವಲ್ಲ ಎಂಬ ಆಕ್ಷೇಪವನ್ನು ಎತ್ತುವ ಮೊದಲು ಈ ಎರಡನ್ನೂ ನೆನೆಯಬೇಕು.

ಎಣಿಕೆಯ ಪಾಠ

ಮೊದಲ ಪಾಠ ತಾಳದ್ದು. ಈ ಸಂಗೀತದ ಬಹುಭಾಗ ನಾಲ್ಕರ ಎಣಿಕೆಯಲ್ಲಿದೆ. ನಾಲ್ಕು ಎಣಿಕೆಗೂ ಒಂದೊಂದು ಗಂಭೀರವಾದ ಡೋಲಿನ ಪೆಟ್ಟು ಬೀಳುತ್ತದೆ. ಇಂಥ ಎರಡು ಗುಂಪುಗಳನ್ನು ಕೂಡಿಸಿದರೆ ಎಂಟು: ನಮ್ಮ ಆದಿತಾಳದ ಒಂದು ಆವರ್ತ. 'ಹೌಸ್' ಎಂಬ ಪ್ರಭೇದದಲ್ಲಿ ನಿಮಿಷಕ್ಕೆ ಸುಮಾರು 120ರಿಂದ 130 ಪೆಟ್ಟು. 'ಟ್ರಾನ್ಸ್' ಇದಕ್ಕಿಂತ ತುಸು ವೇಗ. 'ಡ್ರಮ್ ಅಂಡ್ ಬೇಸ್' 170ರ ಆಸುಪಾಸು. ನಿಮಿಷಕ್ಕೆ 120 ಎಂದರೆ ಪೆಟ್ಟಿಗೆ ಅರ್ಧ ಸೆಕೆಂಡು, ಆವರ್ತಕ್ಕೆ 4 ಸೆಕೆಂಡು. ತೊಡೆಯ ಮೇಲೆ ಆದಿತಾಳವನ್ನು ಹಾಕುತ್ತ ಕೇಳಿದ ಹಿರಿಯರಿಗೆ ಐದೇ ನಿಮಿಷದಲ್ಲಿ ಒಂದು ಸಂಗತಿ ಗೋಚರವಾದೀತು: ನಾಲ್ಕು ಇಲ್ಲವೆ ಎಂಟು ಆವರ್ತ ಮುಗಿದಲ್ಲೆಲ್ಲ ಏನಾದರೊಂದು ಬದಲಾಗುತ್ತದೆ. ಒಂದು ತಾಳದ ಧ್ವನಿ ಸೇರುತ್ತದೆ, ಇಲ್ಲವೇ ಒಂದು ಧ್ವನಿ ಹಿಂದೆ ಸರಿಯುತ್ತದೆ. ಗದ್ದಲವೆಂದು ತೋರಿದ್ದು ಕಟ್ಟಡವೆಂದು ತಿಳಿಯುವ ಕ್ಷಣ ಅದೇ.

ಎರಡನೆಯ ಪಾಠ ಕೂಡಿಸುವುದು ಮತ್ತು ಕಳೆಯುವುದು. ನಮ್ಮ ಸಂಗೀತ ಬೆಳೆಯುವುದು ಸ್ವರದಿಂದ ಸ್ವರಕ್ಕೆ ಮುಂದುವರಿದು. ಇದು ಬೆಳೆಯುವುದು ಪದರದ ಮೇಲೆ ಪದರವಿಟ್ಟು. ಒಂದೇ ವಾಕ್ಯ ನೂರು ಬಾರಿ ಬರುತ್ತಿರುವಾಗ ಅದರ ನಾದದ ಬಣ್ಣ ಮಾತ್ರ ಮೆಲ್ಲಗೆ ಮಸುಕಿನಿಂದ ಬೆಳಕಿಗೆ ಬರುತ್ತದೆ. ರಾಗದ ಸಂಚಾರವನ್ನು ಇಲ್ಲಿ ಅರಸುವವರಿಗೆ ನಿರಾಶೆ ಖಚಿತ. ನಾದದ ಬಣ್ಣವನ್ನು ಗಮನಿಸುವವರಿಗೆ ಕೇಳಲು ಬೇಕಾದಷ್ಟಿದೆ.

ಮೂರನೆಯ ಪಾಠ ಅದರ ಶಿಖರದ್ದು. ತರುಣರು 'ಡ್ರಾಪ್' ಎನ್ನುವ ಘಟ್ಟವಿದು. ಡೋಲು ಏಕಾಏಕಿ ನಿಲ್ಲುತ್ತದೆ. ಬಳಿಕ ಚಿಕ್ಕ ತಮಟೆಯಂಥ ಧ್ವನಿಯೊಂದು ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಎಂಬಂತೆ ದ್ವಿಗುಣಗೊಳ್ಳುತ್ತ ಏರುತ್ತದೆ. ಕೇಳುಗರು ಉಸಿರು ಬಿಗಿಹಿಡಿದಿರುವಾಗ ಡೋಲು ಮತ್ತೆ ಸಮಕ್ಕೆ ಸರಿಯಾಗಿ ಬೀಳುತ್ತದೆ. ತನಿ ಆವರ್ತನದ ಕೊನೆಯಲ್ಲಿ ಮೃದಂಗದ ಕೋರ್ವೆ ಮೂರು ಬಾರಿ ಬಂದು ಸಮಕ್ಕೆ ಸೇರಿದಾಗ ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗುವುದನ್ನು ಕಂಡವರಿಗೆ ಈ ಸುಖ ಅಪರಿಚಿತವಲ್ಲ. ವ್ಯತ್ಯಾಸವೂ ಉಂಟು. ಮೃದಂಗದವನ ಲೆಕ್ಕಾಚಾರದಲ್ಲಿ ಬುದ್ಧಿಗೆ ಕೆಲಸವಿದೆ. ಇಲ್ಲಿ ಕಾಯುವಿಕೆಯೇ ಮುಖ್ಯ, ಲೆಕ್ಕ ಸುಲಭ.

ಮಗ್ಗವನ್ನು ಬಲ್ಲ ನಮ್ಮವರಿಗೆ ಇನ್ನೂ ಹತ್ತಿರದ ಹೋಲಿಕೆಯೊಂದಿದೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಎಂಬ ತಾಳಯಂತ್ರದ ಮುಖದಲ್ಲಿ ಒಂದು ಸಾಲಿಗೆ 16 ಗುಂಡಿಗಳಿವೆ. ಯಾವ ಮನೆಯಲ್ಲಿ ಪೆಟ್ಟು ಬೇಕೋ ಆ ಗುಂಡಿಯನ್ನು ಒತ್ತಿಟ್ಟರೆ ಯಂತ್ರ ಎಡದಿಂದ ಬಲಕ್ಕೆ ಓದುತ್ತ ಹೋಗಿ, ಮುಗಿದೊಡನೆ ಮೊದಲಿಗೆ ಮರಳುತ್ತದೆ. ಸೀರೆಯ ಅಂಚಿನ ವಿನ್ಯಾಸವನ್ನು ಚೌಕುಳಿ ಕಾಗದದ ಮೇಲೆ ಮನೆಮನೆಯಾಗಿ ತುಂಬಿ, ಅದನ್ನು ಜಕಾರ್ಡ್ ಮಗ್ಗದ ರಟ್ಟುಗಳಲ್ಲಿ ರಂಧ್ರಗಳಾಗಿ ಕೊರೆಯುವುದು ಇದೇ ಕೆಲಸವಲ್ಲವೆ? ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ರಟ್ಟಿನ ಮಾಲೆ ಮುಗಿದರೆ ಮತ್ತೆ ಮೊದಲಿನಿಂದ. ನೆಗಮದ ಹತ್ತಿಸೀರೆಯನ್ನು ನೇಯ್ದ ಕುಲದವರಿಗೆ ಪುನರಾವರ್ತನೆ ಎಂದರೆ ಬೇಸರದ ಮಾತಲ್ಲ. ಹಾಗೆ ಮರಳಿ ಮರಳಿ ಬಂದದ್ದರಿಂದಲೇ ಅಂಚು ಅಂಚಾಗುತ್ತದೆ ಎಂದು ಅವರು ಬಲ್ಲರು.

ಹುಟ್ಟಿದ ಊರುಗಳು

ಈ ಸಂಗೀತದ ಜನ್ಮಭೂಮಿ ಶ್ರೀಮಂತರ ವಿಲಾಸಗೃಹವೆಂಬ ನಂಬಿಕೆ ನಮ್ಮಲ್ಲಿದೆ. ಚರಿತ್ರೆ ಬೇರೆಯೇ ಹೇಳುತ್ತದೆ. ಜರ್ಮನಿಯ ಕೈಗಾರಿಕಾ ಸೀಮೆಯ ಡುಸೆಲ್‌ಡಾರ್ಫ್ ನಗರದಲ್ಲಿ 1970ರಲ್ಲಿ ಆರಂಭವಾದ ಕ್ರಾಫ್ಟ್‌ವೆರ್ಕ್ ತಂಡ ಹೆದ್ದಾರಿ, ರೈಲು, ಯಂತ್ರಗಳನ್ನೇ ವಸ್ತುವಾಗಿ ಆರಿಸಿಕೊಂಡಿತು. ಅಮೆರಿಕದ ಷಿಕಾಗೊ ನಗರದಲ್ಲಿ 1977ರಲ್ಲಿ ತೆರೆದ 'ವೇರ್‌ಹೌಸ್' ಎಂಬ ನೃತ್ಯಶಾಲೆಯಲ್ಲಿ ಫ್ರಾಂಕಿ ನಕಲ್ಸ್ ಎಂಬವರು ಧ್ವನಿಮುದ್ರಿಕೆಗಳನ್ನು ಬೆಸೆದು ನುಡಿಸುತ್ತಿದ್ದರು. 'ಹೌಸ್' ಎಂಬ ಹೆಸರು ಆ ಶಾಲೆಯ ಹೆಸರಿನಿಂದ ಬಂತೆಂದು ಹೇಳುತ್ತಾರೆ. ಅಲ್ಲಿ ನೆರೆಯುತ್ತಿದ್ದವರು ಹೆಚ್ಚಾಗಿ ಕರಿಯ ಜನ ಮತ್ತು ಸಮಾಜ ಹೊರಗಿಟ್ಟ ಸಲಿಂಗಾನುರಾಗಿಗಳು. ಮೋಟಾರು ಕಾರ್ಖಾನೆಗಳ ಡೆಟ್ರಾಯಿಟ್ ಸೀಮೆಯಲ್ಲಿ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕರಿಯ ತರುಣರು 1980ರ ದಶಕದಲ್ಲಿ 'ಟೆಕ್ನೊ' ಪ್ರಕಾರವನ್ನು ರೂಪಿಸಿದರು. ಗಿರಣಿಗಳ ಸದ್ದಿನಲ್ಲೇ ಬೆಳೆದ ಕೊಯಮತ್ತೂರು, ತಿರುಪ್ಪೂರುಗಳ ಮಕ್ಕಳಿಗೆ ಕಾರ್ಖಾನೆಯ ಊರಿನ ಈ ಲಯ ಹಿಡಿಸಿದರೆ ಅದರಲ್ಲಿ ಸೋಜಿಗವಿಲ್ಲ.

ನಮ್ಮ ದೇಶದ ಪಾಲನ್ನೂ ಮರೆಯಬಾರದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ, ಗೀತಾ ಸಾರಾಭಾಯಿ ಅವರ ಆಸಕ್ತಿಯಿಂದ, ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಲ್ಲಿ, ಮೂಗ್ ಸಿಂಥಸೈಜರ್ ಇದ್ದ ಧ್ವನಿಶಾಲೆಯೊಂದು ತಲೆಯೆತ್ತಿತು. ಅಲ್ಲಿ ಭಾರತೀಯರು 1972ರ ವರೆಗೆ ಮಾಡಿದ ಧ್ವನಿಮುದ್ರಣಗಳು ದಶಕಗಳ ಕಾಲ ಮೌನವಾಗಿದ್ದು, 2023ರಲ್ಲಿ ಸಂಕಲನವಾಗಿ ಹೊರಬಂದವು. ಸಿನಿಮಾದ ದಾರಿಯಿಂದಲೂ ಈ ನಾದ ನಮ್ಮ ಮನೆಗಳಿಗೆ ಬಂದಿತು. ಶಂಕರ್ ನಾಗ್ ನಿರ್ದೇಶಿಸಿದ 'ಗೀತಾ' (1981) ಚಿತ್ರಕ್ಕೆ ಇಳಯರಾಜ ಕೊಟ್ಟ ಡಿಸ್ಕೊ ಲಯ, ಹಂಸಲೇಖರ 'ಪ್ರೇಮಲೋಕ'ದ (1987) ಕೀಲಿಮಣೆಯ ನಾದಗಳು ಇವಕ್ಕೆ ನಮ್ಮ ಪೀಳಿಗೆಯ ಎಷ್ಟು ಮಂದಿ ತಲೆದೂಗಿಲ್ಲ?

ಹತ್ತು ರಾಗಗಳ ಮುದ್ರಿಕೆ

ಹೊಸಬರಾದ ಹಿರಿಯರು ಎಲ್ಲಿಂದ ಆರಂಭಿಸಬೇಕು? ನಾವು ಸೂಚಿಸುವುದು ಒಂದೇ ಕೃತಿಯನ್ನು. ಹಿಂದಿ ಚಿತ್ರಸಂಗೀತದ ವಾದ್ಯಗಾರರಾಗಿದ್ದ ಮುಂಬಯಿಯ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಮುದ್ರಿಸಿದ, ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಹೊಂದಿಸಿದ ಧ್ವನಿಮುದ್ರಿಕೆ ಅದು. ಮೂರೇ ಯಂತ್ರಗಳು: ಮೇಲೆ ಹೇಳಿದ ತಾಳಯಂತ್ರ, ಟಿಬಿ-303 ಎಂಬ ಮಂದ್ರಸ್ವರದ ಯಂತ್ರ, ಜ್ಯುಪಿಟರ್-8 ಎಂಬ ಕೀಲಿಮಣೆ. ಬಂದಾಗ ಅದನ್ನು ಕೇಳಿದವರು ಕಡಿಮೆ. ಷಿಕಾಗೊದ ತರುಣರು 1987ರಲ್ಲಿ ಅದೇ ಟಿಬಿ-303 ಯಂತ್ರವನ್ನು ತಿರುಚಿ 'ಆಸಿಡ್ ಹೌಸ್' ಎಂಬ ಪ್ರಭೇದವನ್ನು ಹುಟ್ಟಿಸಿದ ಎಷ್ಟೋ ಕಾಲದ ಮೇಲೆ, 2010ರಲ್ಲಿ ಡಚ್ ಸಂಗ್ರಾಹಕರೊಬ್ಬರು ಈ ಮುದ್ರಿಕೆಯನ್ನು ಮತ್ತೆ ಹೊರತಂದಾಗ ಜಗತ್ತು ಬೆರಗಾಯಿತು. 2015ರಲ್ಲಿ ತೀರಿಕೊಳ್ಳುವ ಮುನ್ನ ಚರಣ್‌ಜಿತ್ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿದರು.

ಮುದ್ರಿಕೆಯ ಮೊದಲ ರಾಗ ಭೈರವ. ನಮ್ಮ ಪದ್ಧತಿಯಲ್ಲಿ ಅದಕ್ಕೆ ಸಮನಾದುದು ಮಾಯಾಮಾಳವಗೌಳ. ಪುರಂದರದಾಸರು ಕಲಿಯುವವರಿಗೆಂದು ಹಾಕಿಕೊಟ್ಟರೆಂದು ನಾವು ನಂಬಿರುವ ಮೊದಲ ಪಾಠದ ರಾಗ! ಮುಂದೆ ಭೂಪಾಲಿ ಎಂದರೆ ನಮ್ಮ ಮೋಹನ, ಯಮನ್ ಎಂದರೆ ಕಲ್ಯಾಣಿ, ಮಾಲ್‌ಕೌಂಸ್ ಎಂದರೆ ಹಿಂದೋಳ, ಬೈರಾಗಿ ಎಂದರೆ ರೇವತಿ. ಅಂಗಳದಲ್ಲಿ ಬೆಳೆದ ಗಿಡಗಳೇ ಇವು. ಪರಿಚಿತ ಸ್ವರಗಳ ಕೈಹಿಡಿದು ಅಪರಿಚಿತ ನಾದದೊಳಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲಿಲ್ಲ.

ಗುಣವನ್ನು ಹೇಳುವುದಾದರೆ: ಟಿಬಿ-303 ಯಂತ್ರಕ್ಕೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಶಕ್ತಿಯಿದೆ. ಈ ಜಾರುವಿಕೆ ಗಮಕವಲ್ಲದಿದ್ದರೂ ಗಮಕದ ನೆರಳನ್ನು ಮೂಡಿಸುತ್ತದೆ. ಹಾರ್ಮೋನಿಯಂಗೂ ಕೂಡ ದಕ್ಕದ ಗುಣವಿದು. ಶ್ರುತಿಯ ನಿರಂತರತೆಯೂ ನೃತ್ಯಸಂಗೀತದ ಪುನರಾವರ್ತನೆಯೂ ಒಂದೇ ಜಾತಿಯವೆಂಬುದನ್ನು ಅವರು ಯಾವ ಸಿದ್ಧಾಂತದ ಹಂಗಿಲ್ಲದೆ ಕಂಡುಕೊಂಡರು. ತಬಲೆ, ಸಾರಂಗಿಗಳ ಅನುಕರಣೆಗೆ ಹೋಗದೆ ಯಂತ್ರವನ್ನು ಯಂತ್ರವಾಗಿಯೇ ನುಡಿಸಿದರು. ಈ ಪ್ರಾಮಾಣಿಕತೆಯೇ ಕೃತಿಯ ಜೀವ.

ದೋಷವನ್ನೂ ಮರೆಮಾಚಬಾರದು. ಪ್ರಾತಃಕಾಲದ ಭೈರವಕ್ಕೂ ನಡುರಾತ್ರಿಯ ಮಾಲ್‌ಕೌಂಸಿಗೂ ಹೆಚ್ಚುಕಡಿಮೆ ಅದೇ ಓಟ, ಅದೇ ಡೋಲು. ರಾಗಕ್ಕೆ ಸ್ವರಗಳಲ್ಲದೆ ತನ್ನದೇ ಆದ ಕಾಲವೂ ನಿಧಾನವೂ ಇವೆ. ಐದು ನಿಮಿಷಗಳ ಓಟದಲ್ಲಿ ಅವು ಕೈತಪ್ಪಿ ಹೋಗುತ್ತವೆ. ಕಲ್ಯಾಣಿಯ ಚೆಲುವು ಕಾಣುತ್ತದೆ, ಕಾರುಣ್ಯ ಕಾಣುವುದಿಲ್ಲ. ಆದ್ದರಿಂದ ಇದನ್ನು ರಾಗಸಂಗೀತವೆಂದು ಹೊಗಳುವುದು ಅತಿಶಯ. 'ಆಸಿಡ್ ಹೌಸ್ ಹುಟ್ಟಿದ್ದೇ ಮುಂಬಯಿಯಲ್ಲಿ' ಎಂದು ಬೀಗುವುದೂ ಅತಿಶಯ. ಷಿಕಾಗೊದವರು ಇದನ್ನು ಕೇಳಿ ಕಲಿತವರಲ್ಲ. ಎರಡು ಬಾವಿಗಳಲ್ಲಿ ಒಂದೇ ನೀರು ಸಿಕ್ಕಿತೆಂದಷ್ಟೇ ಹೇಳಬೇಕು. ಅಷ್ಟೇ ಸಾಕಷ್ಟು ದೊಡ್ಡ ಮಾತು.

ಮೂರು ಆಕ್ಷೇಪಗಳು

ಈ ಪ್ರಕಾರದ ಇಂದಿನ ಬಳಕೆಯ ಮೇಲೆ ನಮಗೆ ಮೂರು ಆಕ್ಷೇಪಗಳಿವೆ.

ಮೊದಲನೆಯದು ಅಬ್ಬರ. ಮದುವೆ, ಜಾತ್ರೆಗಳಲ್ಲಿ ಧ್ವನಿವರ್ಧಕಗಳ ಗೋಡೆಯನ್ನೇ ಲಾರಿಯ ಮೇಲೆ ಕಟ್ಟಿ ನುಡಿಸುವಾಗ ಎದೆ ನಡುಗುವುದು ಸಂಗೀತದಿಂದಲ್ಲ, ಒತ್ತಡದಿಂದ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ ಮಿತಿಯನ್ನಿಟ್ಟು, ಬಯಲಿನಲ್ಲಿ ರಾತ್ರಿ 10ರ ಬಳಿಕ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತಕೂಟಗಳಿಗೆಂದು ಸೂಚಿಸಿದ ಗರಿಷ್ಠ ಮಿತಿ 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್. ಕೆಟ್ಟ ಕಿವಿ ಮರಳಿ ಬಾರದು. ಈ ಸಂಗೀತದ ಸೂಕ್ಷ್ಮವೆಲ್ಲ ನಾದದ ಬಣ್ಣದಲ್ಲಿರುವುದರಿಂದ, ಅಬ್ಬರವು ಮೊದಲು ಕೊಲ್ಲುವುದು ಸಂಗೀತವನ್ನೇ.

ಎರಡನೆಯದು ಸೋಮಾರಿತನ. ಜನಪ್ರಿಯ ಚಿತ್ರಗೀತೆಯ ಕೆಳಗೆ ಸಿದ್ಧ ಡೋಲನ್ನು ಅಂಟಿಸಿ, ನಿಮಿಷಕ್ಕೊಮ್ಮೆ 'ಡ್ರಾಪ್' ಕೊಡುವುದು ಇಂದಿನ ರೂಢಿ. ಪ್ರತಿಯೊಂದು ಪದ್ಯಕ್ಕೂ ಕೋರ್ವೆ ಹಾಕುವ ಮೃದಂಗದವನನ್ನು ಯಾವ ಸಭೆ ಸಹಿಸೀತು? ಕಾಯಿಸದೆ ಕೊಟ್ಟ ಸುಖ ಸಪ್ಪೆಯಾಗುತ್ತದೆ.

ಮೂರನೆಯದು ಊರಿನ ಕೈಗಳನ್ನು ಮೂಲೆಗೊತ್ತುವುದು. ನಮ್ಮ ಸೀಮೆಯಲ್ಲಿ ಪದವಿಲ್ಲದೆ ಲಯವೊಂದರಿಂದಲೇ ಕುಣಿಸುವ ಕಲೆ ಹೊಸದಲ್ಲ. ಕಂಬಳ ನಾಯಕರ ದೇವರಾಟ್ಟಂ ಹಾಡಿಲ್ಲದೆ ದೇವದುಂದುಭಿಯ ನುಡಿಗಷ್ಟೇ ಹೆಜ್ಜೆ ಹಾಕುತ್ತದೆ. ಕೊಯಮತ್ತೂರಿನಲ್ಲಿ ವಿಜಯದಶಮಿಯಂದು ಚೌಡೇಶ್ವರಿಯ ಮೆರವಣಿಗೆಯಲ್ಲಿ ದೇವಾಂಗ ವೀರಕುಮಾರರು ಕತ್ತಿಸೇವೆ ಸಲ್ಲಿಸುವಾಗ ಮೈಮರೆವನ್ನು ತರುವುದು ವಾದ್ಯದ ಬಡಿತ ಮತ್ತು ತಾಯಿಯನ್ನು ಕರೆಯುವ ಒಂದೆರಡು ಪದಗಳ ಆವರ್ತನೆ. ಒಂದು ದಿನದ ಬಾಡಿಗೆಗೆ ಬಂದ ಯಂತ್ರವು ಉರುಮಿಯವನ ಹೊಟ್ಟೆಯ ಮೇಲೆ ಹೊಡೆದರೆ ಆ ಸಂಭ್ರಮಕ್ಕೆ ಅರ್ಥವಿಲ್ಲ. ಉರುಮಿಯೂ ಯಂತ್ರವೂ ಒಂದೇ ವೇದಿಕೆಯಲ್ಲಿ ಕೂಡಬಹುದು, ಕೂಡಿಸಿದವರೇ ಜಾಣರು.

ಕನ್ನಡಕ್ಕೆ ಇದರಿಂದೇನು?

ಕೊನೆಗೆ ಮೊದಲ ಪ್ರಶ್ನೆಗೇ ಬರೋಣ. ಪದವಿಲ್ಲದ ಸಂಗೀತ ಭಾಷೆಯನ್ನು ಉಳಿಸಲಾರದು. ಅದನ್ನು ಅದರಿಂದ ಬಯಸುವುದೂ ಸಲ್ಲ. ಆದರೆ ಈ ಸಂಗೀತಕ್ಕೆ ಒಂದು ವಿಶಿಷ್ಟ ಹಸಿವಿದೆ: ಹಳೆಯ ಧ್ವನಿಗಳನ್ನು ಎತ್ತಿಕೊಂಡು ತನ್ನ ನೇಯ್ಗೆಯಲ್ಲಿ ಎಳೆಯಾಗಿಸುವ ಹಸಿವು. ನಮ್ಮ ಹಟ್ಟಿಗಳಲ್ಲಿ, ನೇಕಾರರ ಬೀದಿಗಳಲ್ಲಿ ಸೋಬಾನೆ, ಜೋಗುಳ, ಬೀಸುವ ಪದಗಳನ್ನು ಹಾಡಬಲ್ಲ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಅವರ ಕನ್ನಡದಲ್ಲಿ ಮೈಸೂರಿನಲ್ಲಿಲ್ಲದ, ಧಾರವಾಡದಲ್ಲಿಲ್ಲದ ನುಡಿಗಳಿವೆ. ಅವು ಎಲ್ಲಿಯೂ ಬರೆದಿಟ್ಟವಲ್ಲ. ಮೊಮ್ಮಗನ ಜೇಬಿನಲ್ಲಿರುವ ಫೋನು ಆ ಧ್ವನಿಯನ್ನು ಹಿಡಿಯಬಲ್ಲುದು. ಅವನ ಲ್ಯಾಪ್‌ಟಾಪು ಅದನ್ನು ಲಯಕ್ಕೆ ಕೂಡಿಸಬಲ್ಲುದು.

ಇಲ್ಲಿ ಒಂದು ಕಟ್ಟಳೆ ಬೇಕು. ಹಾಡಿನ ಒಂದು ಚೂರನ್ನು ಕತ್ತರಿಸಿಕೊಂಡು ಉಳಿದುದನ್ನು ಎಸೆಯುವುದು, ಸೀರೆಯ ಅಂಚನ್ನು ಹರಿದುಕೊಂಡು ಮೈಯನ್ನು ಬಿಸುಡುವಂತೆ. ಆದುದರಿಂದ ಮೊದಲು ಇಡೀ ಹಾಡು ಮುದ್ರಣವಾಗಬೇಕು; ಹಾಡಿದವರ ಹೆಸರು, ಊರು, ಒಪ್ಪಿಗೆ ದಾಖಲಾಗಬೇಕು; ಪಠ್ಯವನ್ನು ಕನ್ನಡ ಲಿಪಿಯಲ್ಲಿ ಬರೆದಿಡಬೇಕು; ಆಮೇಲೆ ಯಂತ್ರದ ಸರದಿ. ಅಜ್ಜಿಯ ಹಾಡನ್ನು ಬರೆದುಕೊಳ್ಳಬೇಕೆಂಬ ಆಸೆಗೆ ಒಬ್ಬ ತರುಣ ಅಕ್ಷರ ಕಲಿತರೂ ನಮ್ಮ ಸಂಘದ ಕನ್ನಡ ತರಗತಿಗೆ ಒಬ್ಬ ವಿದ್ಯಾರ್ಥಿ ಹೆಚ್ಚಿದಂತಾಯಿತು.

ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮದೊಂದು ಸೂಚನೆ. ಮುಂದಿನ ವಾರ್ಷಿಕೋತ್ಸವದ ಸಂಜೆ ತರುಣರಿಗೆ ಒಂದು ಗಂಟೆಯನ್ನು ಕೊಡೋಣ. ರಾತ್ರಿ 9ಕ್ಕೆ ಮುಗಿಯಲಿ. ಶಬ್ದವನ್ನು ಅಳೆಯುವ ಮಾಪಕವೊಂದು ವೇದಿಕೆಯ ಪಕ್ಕದಲ್ಲಿರಲಿ. ಉರುಮಿಯವರಿಗೂ ಕರೆ ಹೋಗಲಿ. ಕನ್ನಡದ ಒಂದು ಹಾಡಾದರೂ ಆ ನೇಯ್ಗೆಯಲ್ಲಿ ಪೂರ್ತಿಯಾಗಿ ಕೇಳಿಬರಲಿ. ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು ತೊಡೆಯ ಮೇಲೆ ಆದಿತಾಳ ಹಾಕಲಿ. ಎಂಟನೆಯ ಆವರ್ತದಲ್ಲಿ ಡೋಲು ನಿಂತಾಗ ಯಾರೂ ಎದ್ದು ಹೋಗದಿರಲಿ. ಸಮ ಇನ್ನೂ ಬರಬೇಕಾಗಿರುತ್ತದೆ.